ಕೆಮ್ಮಣ್ಣಿನ ಕೆಳಗೆ ಇನ್ನೆರಡು ಸಾಲು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಸರ್ಪಸುತ್ತಿಗೆ ಮನೆಮದ್ದು ಹೇಳುವ ಬರಹವೊಂದು ಬಂದಿತ್ತು. ಕೆಮ್ಮಣ್ಣು ಕಲಸಿ ಹಚ್ಚಿ, ಮಜ್ಜಿಗೆ ಕುಡಿಯಿರಿ, ಉಷ್ಣದ ಪದಾರ್ಥ ಬಿಡಿ, ಒಂಬತ್ತು ದಿನಕ್ಕೆ ತಾನಾಗಿ ಇಳಿಯುತ್ತದೆ ಎಂದಿತ್ತು. ಕಾಫಿ ಲೋಟ ಕೈಯಲ್ಲಿ ಹಿಡಿದು ಓದುತ್ತಿದ್ದವಳು ಲೋಟ ಕೆಳಗಿಟ್ಟು ಇನ್ನೊಂದು ಸಲ ಓದಿದೆ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. 2003ರಲ್ಲಿ ನಮ್ಮ ಮನೆಯಲ್ಲೂ ಅಕ್ಷರಶಃ ಅದನ್ನೇ ಮಾಡಿದೆವು. ಅದರ ಬೆಲೆಯನ್ನು ಎರಡು ವರ್ಷದ ಮೇಲೆ ನಮ್ಮ ಯಜಮಾನರು ತಮ್ಮ ಕಣ್ಣುಗಳಲ್ಲಿ ತೆತ್ತರು. ಅದನ್ನು ಹೇಳಬೇಕೆಂದೇ ಈ ಪತ್ರ. ಉದ್ದವಾದರೆ ಕ್ಷಮಿಸಿ, ಆದರೆ ದಯವಿಟ್ಟು ಮಧ್ಯದಲ್ಲಿ ಕತ್ತರಿಸಬೇಡಿ.

ನನಗೀಗ 54. ಲಗ್ಗೆರೆಯಲ್ಲಿ ಮನೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹದಿನೇಳು ವರ್ಷ ಮೆಷಿನ್ ಮೇಲೆ ಕೂತು ಶರ್ಟಿಗೆ ಕಾಲರ್ ಕೂರಿಸಿದ್ದೇನೆ. ಈಗ ಎಚ್‌ಐವಿ ಇರುವವರ ಜೊತೆ ಆಸ್ಪತ್ರೆಗೆ ಹೋಗಿಬರುವುದು, ಮಾತ್ರೆ ನಿಲ್ಲಿಸಿದವರ ಮನೆ ಹುಡುಕಿಕೊಂಡು ಹೋಗಿ ಮತ್ತೆ ಕರೆತರುವುದು ನನ್ನ ಕೆಲಸ. ನನಗೂ ಎಚ್‌ಐವಿ ಇದೆ. 2005ರಿಂದ ಒಂದು ದಿನವೂ ತಪ್ಪಿಸದೆ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ, ತೆಗೆದುಕೊಂಡಿದ್ದೇನೆ. ವರ್ಷಕ್ಕೊಮ್ಮೆ ಮಾಡುವ ವೈರಲ್ ಲೋಡ್ ಪರೀಕ್ಷೆಯಲ್ಲಿ ನನ್ನ ರಕ್ತದಲ್ಲಿ ವೈರಸ್ ಕಾಣಿಸುತ್ತಿಲ್ಲ ಎಂದೇ ಬರುತ್ತಿದೆ.

2003ರ ಬೇಸಿಗೆ. ಎಡಗಡೆ ಬೆನ್ನಿನಿಂದ ಎದೆಯ ಕೆಳಗಿನವರೆಗೆ ಎರಡು ದಿನ ಬರೀ ಉರಿ, ಯಾರೋ ಕಾದ ಇಸ್ತ್ರಿಪೆಟ್ಟಿಗೆ ಹತ್ತಿರ ಹಿಡಿದ ಹಾಗೆ. ಮೂರನೇ ದಿನ ಕೆಂಪು ಕಲೆ ಎದ್ದವು, ಸಂಜೆಯೊಳಗೆ ಅದರ ತುಂಬ ನೀರುಗುಳ್ಳೆ, ರಾಗಿ ಕಾಳು ಚೆಲ್ಲಿದಂತೆ ಒತ್ತೊತ್ತಾಗಿ. ರವಿಕೆ ತಾಗಿದರೆ ಪ್ರಾಣ ಹೋಗುತ್ತಿತ್ತು. ಫ್ಯಾಕ್ಟರಿಯಲ್ಲಿ ಎಡಗೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ಹೊಲಿದೆ. ಪಕ್ಕದ ಮೆಷಿನ್ನಿನ ಅಕ್ಕ ನೋಡಿದ ಕೂಡಲೇ, 'ಇದು ಸರ್ಪಸುತ್ತು ಕಣೇ, ತಲೆ ಬಾಲ ಕೂಡೋಕೆ ಬಿಡಬೇಡ, ಕೂಡಿದ್ರೆ ಜೀವಕ್ಕೇ ಅಪಾಯ' ಎಂದಳು. ಮಾಗಡಿ ಕಡೆಯ ಒಬ್ಬ ಹಿರಿಯರನ್ನು ಕರೆಸಿದೆವು. ಅವರು ಗರಿಕೆಯಲ್ಲಿ ಕೆಮ್ಮಣ್ಣು ಅದ್ದಿ, ಗುಳ್ಳೆಗಳ ಎರಡು ತುದಿಗೂ ಗೆರೆ ಎಳೆದು, ಮಂತ್ರ ಹಾಕಿದರು. ಕಾಸು ಮುಟ್ಟಲಿಲ್ಲ, ಎಲೆ ಅಡಿಕೆ ಮಾತ್ರ ತೆಗೆದುಕೊಂಡರು. ಆಮೇಲೆ ನಾಗದೋಷ ಇರಬಹುದೆಂದು ಘಾಟಿ ಸುಬ್ರಹ್ಮಣ್ಯಕ್ಕೂ ಹೋಗಿಬಂದೆವು. ಆ ಹಿರಿಯರ ಮೇಲಾಗಲಿ ದೇವರ ಮೇಲಾಗಲಿ ನನಗೆ ಯಾವ ದೂರೂ ಇಲ್ಲ. ಈಗಲೂ ಷಷ್ಠಿಗೆ ಘಾಟಿಗೆ ಹೋಗುತ್ತೇನೆ.

ನನ್ನ ದೂರು ಬೇರೆ. ಮಣ್ಣು ಹಚ್ಚಿದ ಮೇಲೂ ಉರಿ ತಡೆಯಲಾರದೆ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಡಾಕ್ಟರು ನೋಡಿ, 'ಸರ್ಪಸುತ್ತು ಕಣಮ್ಮ, ಹದಿನೈದು ದಿನ ಇರತ್ತೆ' ಎಂದು ನೋವಿಗೆ ಒಂದು ಇಂಜೆಕ್ಷನ್ ಹಾಕಿ, ಒಂದು ಮುಲಾಮು ಬರೆದುಕೊಟ್ಟರು. ವಯಸ್ಸಾದವರಿಗೆ ಹೆಚ್ಚಾಗಿ ಬರುವ ಕಾಯಿಲೆ 32 ವರ್ಷದ, ನೋಡಲು ಗಟ್ಟಿಮುಟ್ಟಾದ ಹೆಂಗಸಿಗೆ ಯಾಕೆ ಬಂತು? ಆ ಪ್ರಶ್ನೆಯನ್ನು ಅವರು ಕೇಳಲಿಲ್ಲ, ಕೇಳಬೇಕೆಂದು ನನಗೆ ಗೊತ್ತಿರಲಿಲ್ಲ.

ಈಗ ಗೊತ್ತಿದೆ. ನನಗೆ ಎಂಟು ವರ್ಷವಿದ್ದಾಗ ಊರಲ್ಲಿ ಮೈಮೇಲೆ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಬಂದಿತ್ತು, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು. ಅಮ್ಮ ಇಳಿದು ನೀರು ಹಾಕಿದ ಮೇಲೂ ಆ ವೈರಸ್ ಮೈಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ಹೋಗಿ ಕೂರುತ್ತದೆ. ಹೊಲಿಗೆ ಗೊತ್ತಿರುವವರಿಗೆ ನಾನು ಹೀಗೆ ಹೇಳುತ್ತೇನೆ: ಮೆಷಿನ್ನಿನ ಕೆಳಗೆ ಬಾಬಿನ್ ದಾರ ಇದ್ದ ಹಾಗೆ, ಮೇಲಿನಿಂದ ನೋಡಿದರೆ ಕಾಣುವುದಿಲ್ಲ, ಆದರೆ ಅಲ್ಲೇ ಇದೆ. ಮೈಯ ಕಾವಲು ಗಟ್ಟಿ ಇರುವವರೆಗೆ ಬೂದಿ ಮುಚ್ಚಿದ ಕೆಂಡ. ವಯಸ್ಸಿನಿಂದಲೋ, ಕ್ಯಾನ್ಸರ್ ಔಷಧಿಯಿಂದಲೋ, ಎಚ್‌ಐವಿಯಿಂದಲೋ ಆ ಕಾವಲು ಸಡಿಲವಾದರೆ ಒಂದು ನರದ ಗುಂಟ ಮೇಲಕ್ಕೆ ಬರುತ್ತದೆ. ಅದಕ್ಕೇ ಅದು ಪಟ್ಟಿಯ ಹಾಗೆ ಮೈಯ ಒಂದೇ ಬದಿಯಲ್ಲಿ ಏಳುವುದು. ನರ ಮೈಯ ಅರ್ಧಭಾಗಕ್ಕೇ ಸೇರಿದ್ದರಿಂದ ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ, ತಲೆ ಬಾಲ ಕೂಡುವುದೂ ಇಲ್ಲ. ಆದರೆ ಹಿರಿಯರ ಹೆದರಿಕೆಯಲ್ಲಿ ಒಂದು ಎಳೆ ನಿಜ ಇದೆ. ಕಾವಲು ತೀರ ಕುಸಿದವರಲ್ಲಿ ಅದು ಪಟ್ಟಿ ಮೀರಿ ಮೈಯೆಲ್ಲ ಹರಡಬಹುದು, ಆಗ ನಿಜಕ್ಕೂ ಜೀವಕ್ಕೆ ಅಪಾಯ.

ಎಚ್‌ಐವಿಯ ಹಂತಗಳನ್ನು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆ ಮಾಡಿರುವ ಪಟ್ಟಿಯಲ್ಲಿ ಸರ್ಪಸುತ್ತು ಎರಡನೇ ಹಂತದಲ್ಲೇ ಇದೆ. ಅಂದರೆ ಮನುಷ್ಯ ಇನ್ನೂ ಓಡಾಡಿಕೊಂಡಿರುವಾಗ, ಕಾವಲು ಪೂರ್ತಿ ಬೀಳುವ ಮೊದಲೇ ಬರುವ ಸುದ್ದಿ ಅದು. ನಮ್ಮ ಮನೆಗೆ ಆ ಸುದ್ದಿ 2003ರಲ್ಲೇ ಬಂತು. ಯಾರೂ ಓದಲಿಲ್ಲ.

ನಮ್ಮ ಯಜಮಾನರು ಗಾರೆ ಮೇಸ್ತ್ರಿ. 2005ರ ಶ್ರಾವಣದಲ್ಲಿ ಊಟಕ್ಕೆ ಕೂತಾಗ ಮುಖದ ಮುಂದೆ ಕೈ ಬೀಸುವುದು ಶುರುವಾಯಿತು. 'ಏನ್ರೀ ಅದು?' ಅಂದರೆ, 'ಸೊಳ್ಳೆ ಕಣೇ, ಬಿಡ್ತಾನೇ ಇಲ್ಲ' ಎನ್ನುತ್ತಿದ್ದರು. ನನ್ನ ಕಣ್ಣಿಗೆ ಒಂದು ಸೊಳ್ಳೆಯೂ ಕಾಣಲಿಲ್ಲ. ಒಂದು ವಾರ ಇಬ್ಬರೂ ಅದನ್ನೇ ಮಾತಾಡಿಕೊಂಡೆವು, ಸೊಳ್ಳೆಬತ್ತಿಯನ್ನೂ ಹಚ್ಚಿದೆವು. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ, ಕಣ್ಣಿಗೆ ಕಾಯಿಲೆ ಎಂದು ಹೇಗೆ ತಿಳಿಯಬೇಕು? ಒಂದು ದಿನ ಕೆಲಸದ ಜಾಗದಲ್ಲಿ ತೂಗುಗುಂಡಿನ ದಾರ ಅರ್ಧಕ್ಕೇ ತುಂಡಾದಂತೆ ಕಾಣುತ್ತದೆ ಎಂದು ಮನೆಗೆ ಬಂದುಬಿಟ್ಟರು. ಕಣ್ಣಾಸ್ಪತ್ರೆಯಲ್ಲಿ ಪಾಪೆ ಅಗಲವಾಗುವ ಹನಿ ಹಾಕಿ ನೋಡಿದ ಡಾಕ್ಟರಮ್ಮ ಬಲಗಣ್ಣಿನ ಒಳಗಿನ ಪರದೆ (ರೆಟಿನಾ) ಬಹುಪಾಲು ಹೋಗಿದೆ, ಎಡಗಣ್ಣಿನಲ್ಲೂ ಶುರುವಾಗಿದೆ ಎಂದರು. ಸಿಎಂವಿ (ಸೈಟೋಮೆಗಾಲೊ ವೈರಸ್) ಎಂಬ ವೈರಸ್. ಅವರೇ ನಮ್ಮಿಬ್ಬರನ್ನೂ ಕೂರಿಸಿ, ಮೆಲ್ಲಗೆ ಕೇಳಿ, ಒಪ್ಪಿಸಿ, ಎಚ್‌ಐವಿ ಪರೀಕ್ಷೆಗೆ ಕಳಿಸಿದ್ದು. ನಮ್ಮ ಯಜಮಾನರ ಸಿಡಿ4 ಎಣಿಕೆ, ಅಂದರೆ ಮೈ ಕಾಯುವ ಬಿಳಿ ರಕ್ತಕಣಗಳ ಲೆಕ್ಕ, 31 ಇತ್ತು. ಆರೋಗ್ಯವಂತರಲ್ಲಿ ಅದು 500ರ ಮೇಲಿರುತ್ತದೆ. 50ಕ್ಕಿಂತ ಕೆಳಗೆ ಇಳಿದವರಿಗೇ ಈ ಕಣ್ಣಿನ ಕಾಯಿಲೆ ಹೆಚ್ಚು.

ಸಿಎಂವಿ ಕೂಡ ಅಮ್ಮನ ವೈರಸ್ಸಿನ ದಾಯಾದಿಯೇ. ಹರ್ಪಿಸ್ ಎಂಬ ಒಂದೇ ಕುಟುಂಬ. ತುಟಿಯ ಮೇಲೆ ಜ್ವರದ ಗುಳ್ಳೆ ಎಬ್ಬಿಸುವುದು, ಗುಪ್ತಾಂಗದಲ್ಲಿ ಹುಣ್ಣು ಮಾಡುವುದು, ಅಮ್ಮ ಮತ್ತು ಸರ್ಪಸುತ್ತು ತರುವುದು, ಕಣ್ಣಿನ ಪರದೆ ತಿನ್ನುವ ಸಿಎಂವಿ, 1964ರಲ್ಲಿ ಪತ್ತೆಯಾದ ಇಬಿವಿ (ಎಪ್‌ಸ್ಟೈನ್-ಬಾರ್ ವೈರಸ್), 1994ರಲ್ಲಿ ಪತ್ತೆಯಾದ ಎಂಟನೆಯ ಹರ್ಪಿಸ್ ವೈರಸ್, ಎಲ್ಲವೂ ಅದರ ಮಕ್ಕಳು. ಒಮ್ಮೆ ಮೈಯೊಳಗೆ ಬಂದರೆ ಸಾಯುವ ತನಕ ಬಿಟ್ಟುಹೋಗುವುದಿಲ್ಲ, ಇದು ಎಲ್ಲಕ್ಕೂ ಇರುವ ಗುಣ.

ನನ್ನ ಮಗಳು ಒಂದು ವಿಷಯ ಹೇಳಿದಳು. ಗ್ರೀಕರ ಹರ್ಪಿಸ್, ನಮ್ಮ ಸರ್ಪ, ಎರಡೂ ಒಂದೇ ಬೇರಿನಿಂದ ಬಂದ ಪದಗಳಂತೆ, ತೆವಳುವುದು ಎಂಬ ಅರ್ಥದಲ್ಲಿ. ಕೇಳಿದಾಗ ನನಗೆ ತುಂಬ ಹೊತ್ತು ಮಾತೇ ಹೊರಡಲಿಲ್ಲ. ಸರ್ಪ ಎಂದರೆ ಪೂಜೆಗೆ ಕರೆದುಕೊಂಡು ಹೋಗುತ್ತೇವೆ. ಹರ್ಪಿಸ್ ಎಂದರೆ ತಟ್ಟೆ ಲೋಟ ಬೇರೆ ಇಡುತ್ತೇವೆ.

ಎಚ್‌ಐವಿ ಇರುವವರಲ್ಲಿ ಎಷ್ಟು ಜನಕ್ಕೆ ಈ ಕುಟುಂಬದ ವೈರಸ್ಸೂ ಇದೆ ಎಂದು ಆಗಾಗ ಅಧ್ಯಯನಗಳು ನಡೆಯುತ್ತವೆ. ಉತ್ತರ ಸರಿಸುಮಾರು ಎಲ್ಲರಿಗೂ ಎಂದೇ. ಇದನ್ನು ಪತ್ರಿಕೆಯಲ್ಲಿ ದೊಡ್ಡ ತಲೆಬರಹ ಮಾಡಿದರೆ ಓದುವವರು ಬೆಚ್ಚಿಬೀಳುತ್ತಾರೆ, ಎಚ್‌ಐವಿಯವರಿಗೆ ಇನ್ನೊಂದು ರೋಗವೂ ಅಂಟಿದೆ ಎಂದು ಇನ್ನೊಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಆದರೆ ನಮ್ಮ ದೇಶದಲ್ಲಿ ಸಿಎಂವಿ, ಇಬಿವಿ ಎರಡೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ವಯಸ್ಕರ ಮೈಯಲ್ಲಿವೆ. ಪತ್ರಿಕೆ ಅಚ್ಚು ಹಾಕುವವರು, ಹಂಚುವ ಹುಡುಗರು, ಓದಿ ಹೆದರುವವರು, ಎಲ್ಲರಲ್ಲೂ. ತುಟಿಗುಳ್ಳೆಯ ವೈರಸ್ ಪ್ರಪಂಚದ 50 ವರ್ಷದೊಳಗಿನವರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವುಗಳಲ್ಲಿ ಬಹಳಷ್ಟು ಚಿಕ್ಕಂದಿನಲ್ಲೇ, ಅಜ್ಜಿಯ ಮುತ್ತಿನಲ್ಲಿ, ಎಂಜಲಿನಲ್ಲಿ ಬಂದದ್ದು. ನಮ್ಮಜ್ಜಿ ತುಟಿಗುಳ್ಳೆ ಕಂಡರೆ ಹಲ್ಲಿ ಉಚ್ಚೆ ತಾಗಿದೆ ಎನ್ನುತ್ತಿದ್ದಳು. ಪಾಪ, ಅವಳಿಂದಲೇ ನಮಗೆ ಬಂದಿರಬೇಕು.

ಗುಪ್ತಾಂಗದ ಹರ್ಪಿಸ್ ಲೆಕ್ಕ ಸ್ವಲ್ಪ ಬೇರೆ. ಪ್ರಪಂಚದಲ್ಲಿ 15ರಿಂದ 49 ವಯಸ್ಸಿನವರಲ್ಲಿ ನೂರಕ್ಕೆ ಹದಿಮೂರು ಜನಕ್ಕಿದ್ದರೆ, ಎಚ್‌ಐವಿ ಇರುವವರಲ್ಲಿ ಅರ್ಧಕ್ಕೂ ಹೆಚ್ಚು ಜನಕ್ಕಿದೆ ಎಂದು ಎಷ್ಟೋ ಕಡೆಯ ಅಧ್ಯಯನಗಳಲ್ಲಿ ಕಂಡಿದೆ. ಎರಡೂ ಬರುವ ದಾರಿ ಒಂದೇ ಎಂಬುದು ಒಂದು ಕಾರಣ. ಹುಣ್ಣಿದ್ದ ಜಾಗದಲ್ಲಿ ಎಚ್‌ಐವಿ ಒಳಹೋಗುವುದು ಸುಲಭ, ಅಪಾಯ ಎರಡು ಮೂರು ಪಟ್ಟು ಏರುತ್ತದೆ ಎಂಬುದು ಇನ್ನೊಂದು. ಹಾಗಾದರೆ ಹರ್ಪಿಸ್ ಮಾತ್ರೆ ದಿನಾ ಕೊಟ್ಟು ಎಚ್‌ಐವಿ ಹರಡುವುದನ್ನು ತಡೆಯಬಹುದಲ್ಲ ಎಂದು ವಿಜ್ಞಾನಿಗಳೂ ಆಸೆಪಟ್ಟಿದ್ದರು. ದೊಡ್ಡ ದೊಡ್ಡ ಪ್ರಯೋಗಗಳ ಫಲಿತಾಂಶ 2008ರಿಂದ 2010ರೊಳಗೆ ಬಂತು. ಹುಣ್ಣು ಕಡಿಮೆಯಾಯಿತು, ಎಚ್‌ಐವಿ ಹರಡುವುದು ಕಡಿಮೆಯಾಗಲಿಲ್ಲ. ತಡೆದದ್ದು ಎಆರ್‌ಟಿ ಮಾತ್ರೆಯೇ. ನಮಗೆ ತರಬೇತಿ ಕೊಟ್ಟ ಡಾಕ್ಟರು ಇದನ್ನು ಹೇಳಿದಾಗ ನಾನು ನೋಟ್‌ಬುಕ್ಕಿನಲ್ಲಿ ಅಡಿಗೆರೆ ಎಳೆದು ಬರೆದುಕೊಂಡಿದ್ದೆ.

ಈ ವರ್ಷ ಒಬ್ಬ ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. 26 ವರ್ಷ, ಬೈಕಿನಲ್ಲಿ ಊಟ ತಲುಪಿಸುವ ಕೆಲಸ. ಹಿಂಬದಿಯಲ್ಲಿ ಹುಣ್ಣು, ಎರಡು ತಿಂಗಳಾದರೂ ಆರಿರಲಿಲ್ಲ. ಬೈಕಿನ ಸೀಟಿನ ಮೇಲೆ ಕೂರಲಾರದೆ ಕಾಲೂರಿ ನಿಂತುಕೊಂಡೇ ಓಡಿಸುತ್ತಿದ್ದ. ಮೆಡಿಕಲ್ ಶಾಪಿನಲ್ಲಿ ಮೂಲವ್ಯಾಧಿ ಇರಬೇಕು ಎಂದು ಕೇಳಿ ಮೂರು ಬಗೆಯ ಮುಲಾಮು ಹಚ್ಚಿದ್ದ. ಯಾರಿಗೂ ತೋರಿಸಿರಲಿಲ್ಲ. ಒಂದು ತಿಂಗಳು ಮೀರಿಯೂ ಆರದ ಹರ್ಪಿಸ್ ಹುಣ್ಣು ವಿಶ್ವ ಆರೋಗ್ಯ ಸಂಸ್ಥೆಯ ಆ ಪಟ್ಟಿಯಲ್ಲಿ ನಾಲ್ಕನೇ ಹಂತದ್ದು, ಕೊನೆಯ ಹಂತ. ಅವನಿಗೆ ಅದು ಗೊತ್ತಿರಲಿಲ್ಲ. ಪರೀಕ್ಷೆಯ ಫಲಿತಾಂಶ ಬಂದಾಗ ಎಚ್‌ಐವಿ ಎಂಬುದನ್ನು ಹೇಗೋ ತಡೆದುಕೊಂಡ. ಹರ್ಪಿಸ್ ಎಂದಾಗ ಅತ್ತ. 'ಅಮ್ಮಾ, ಇದನ್ನ ನನ್ನ ಹೆಂಡ್ತಿಗೆ ಹೇಗೆ ಹೇಳ್ಲಿ, ಯಾರಿಂದ ಬಂತು ಅಂತ ಕೇಳ್ತಾಳೆ' ಎಂದ. ಹೆಂಡತಿ ಹಾಗೇ ಕೇಳಿದಳು. ಅವನ ತಾಯಿ ಸೊಸೆಯನ್ನೇ ಕೇಳಿದರು.

ಆ ತಾಯಿಗೆ ನಾನು ಹೇಳಿದ್ದು ಇಷ್ಟು: ಅಕ್ಕಾ, ಈ ವೈರಸ್ ಇರುವ ಹೆಚ್ಚಿನವರಿಗೆ ಅದು ಇದೆಯೆಂದೇ ತಿಳಿದಿರುವುದಿಲ್ಲ, ಗುಳ್ಳೆಯೇ ಎದ್ದಿರುವುದಿಲ್ಲ. ಹೆಣ್ಣುಮಕ್ಕಳಿಗೆ ಸುಲಭವಾಗಿ ತಗಲುತ್ತದೆ, ಹಾಗಾಗಿ ಹೆಂಗಸರಲ್ಲೇ ಹೆಚ್ಚು. ಯಾರಿಂದ ಯಾರಿಗೆ ಎಂದು ಹುಡುಕುತ್ತ ಹೋದರೆ ಮನೆ ಒಡೆಯುತ್ತದೆ, ಉತ್ತರ ಸಿಗುವುದಿಲ್ಲ. ಮೊದಲು ಸೊಸೆಗೂ ಪರೀಕ್ಷೆ ಮಾಡಿಸೋಣ. ಅವರು ಬಹಳ ಹೊತ್ತು ಸೆರಗಿನ ತುದಿ ತಿರುಚುತ್ತ ಕೂತಿದ್ದರು. ಆಮೇಲೆ ಎದ್ದು ಸೊಸೆಗೆ ಚಪ್ಪಲಿ ತಂದಿಟ್ಟರು, ಆಸ್ಪತ್ರೆಗೆ ಹೊರಡಲಿ ಎಂದು. ಹುಡುಗನ ಹುಣ್ಣು ಅಸೈಕ್ಲೋವಿರ್ ಮಾತ್ರೆಯಲ್ಲಿ ಆರಿತು. ಈಗ ಸೀಟಿನ ಮೇಲೆ ಕೂತು ಓಡಿಸುತ್ತಾನೆ.

ಅಸೈಕ್ಲೋವಿರ್ ಹೊಸದೇನಲ್ಲ, ಅಪರೂಪದ್ದೂ ಅಲ್ಲ. ಅದರ ಹಿಂದಿನ ಸಂಶೋಧನೆಯ ಮುಂಚೂಣಿಯಲ್ಲಿದ್ದ ಗರ್ಟ್ರೂಡ್ ಎಲಿಯನ್ ಎಂಬ ಹೆಣ್ಣುಮಗಳಿಗೆ 1988ರಲ್ಲಿ ನೊಬೆಲ್ ಹಂಚಿಕೆಯಾಯಿತು. ಸರ್ಪಸುತ್ತಿಗೆ ಇದನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಒಳ್ಳೆಯ ಫಲ. ದೊಡ್ಡವರಿಗೆ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳರಿಂದ ಹತ್ತು ದಿನ ಬರೆಯುತ್ತಾರೆ. ಮೂತ್ರಪಿಂಡ ನೋಡಿಕೊಂಡು ಡಾಕ್ಟರೇ ಬರೆಯಬೇಕು, ನನ್ನ ಪತ್ರ ನೋಡಿ ಯಾರೂ ತಾವೇ ಕೊಂಡು ನುಂಗಬೇಡಿ. ಕೆಮ್ಮಣ್ಣಿನಿಂದ ನಮಗೆ ಆದ ನಷ್ಟ ಈ 72 ಗಂಟೆ. ತಣ್ಣಗಿರುತ್ತದೆ ನಿಜ, ಆದರೆ ಆ ತಂಪಿನಲ್ಲಿ ಮೂರು ದಿನ ಕಳೆದುಹೋಗುತ್ತದೆ. ನನಗೆ ಈಗಲೂ ಧನುರ್ಮಾಸದ ಚಳಿಯಲ್ಲಿ ಎಡಪಕ್ಕೆ ಚುಳ್ಳೆನ್ನುತ್ತದೆ. ಗುಳ್ಳೆ ಒಣಗಿದ ಮೇಲೂ ಉಳಿಯುವ ನರದ ನೋವು ಅದು. ಹಣೆಯ ಮೇಲೋ ಮೂಗಿನ ತುದಿಯಲ್ಲೋ ಎದ್ದರಂತೂ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಓಡಬೇಕು.

ಇನ್ನೊಂದು ಮಾತು, ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಎಆರ್‌ಟಿ ಶುರುಮಾಡಿದ ಮೊದಲ ಕೆಲವು ತಿಂಗಳಲ್ಲೇ ಕೆಲವರಿಗೆ ಸರ್ಪಸುತ್ತು ಏಳುತ್ತದೆ. ನಿದ್ದೆಹೋಗಿದ್ದ ಕಾವಲು ಎದ್ದು ಒಳಗಿನ ವೈರಸ್ ಜೊತೆ ಜಗಳಕ್ಕೆ ನಿಂತಾಗ ಆಗುವುದು ಅದು. ನಮ್ಮ ಬೀದಿಯ ಆಚೆಯ ಒಬ್ಬ ತಂಗಿ, 'ಮಾತ್ರೆ ಉಷ್ಣ ಆಗಿ ಹೀಗಾಯ್ತು ಅಕ್ಕ' ಎಂದು ಎಆರ್‌ಟಿಯನ್ನೇ ನಿಲ್ಲಿಸಿದ್ದಳು. ನಾನು ಮೂರು ಸಲ ಅವಳ ಮನೆ ಮೆಟ್ಟಿಲು ಹತ್ತಿದೆ. ನಾಲ್ಕನೇ ಸಲ ಬೀಗ ಹಾಕಿತ್ತು, ಊರಿಗೆ ಹೋದಳೆಂದರು. ಅವಳೆಲ್ಲಿದ್ದಾಳೋ ಇವತ್ತಿಗೂ ನನಗೆ ತಿಳಿದಿಲ್ಲ. ಅವಳು ಈ ಪತ್ರ ಓದಲಿ.

ನಮ್ಮ ಮನೆಯ ಲೆಕ್ಕಕ್ಕೆ ಬರುತ್ತೇನೆ. 2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿಯನ್ನು ಉಚಿತವಾಗಿ ಕೊಡಲು ಶುರುಮಾಡಿತು. ಮೊದಲ ಸಾಲಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 2003ರಲ್ಲಿ ಆ ಕ್ಲಿನಿಕ್ಕಿನಲ್ಲಿ ಯಾರಾದರೂ ನನಗೆ, ಆಮೇಲೆ ನಮ್ಮವರಿಗೆ ಪರೀಕ್ಷೆ ಮಾಡಿಸಿ ಎಂದಿದ್ದರೆ, ಅವರ ಹೆಸರು ಮರುವರ್ಷವೇ ಆ ಉಚಿತ ಮಾತ್ರೆಯವರ ಪಟ್ಟಿಯಲ್ಲಿರುತ್ತಿತ್ತು. ಸಿಡಿ4 31ಕ್ಕೆ ಇಳಿಯುತ್ತಿರಲಿಲ್ಲ. ಕಣ್ಣೊಳಗೆ ಗ್ಯಾನ್ಸಿಕ್ಲೋವಿರ್ ಇಂಜೆಕ್ಷನ್ ಹಾಕಿಸಲು ನನ್ನ ಓಲೆ ಜುಮುಕಿ ಮಾರಬೇಕಾಗಿರಲಿಲ್ಲ. ಎಡಗಣ್ಣಿನಲ್ಲಿ ಕಾಲುಭಾಗ ನೋಟ ಉಳಿಯಿತು. ಮಾತ್ರೆಯ ದಯದಿಂದ ಅವರು 2016ರವರೆಗೆ ಬದುಕಿದರು, ಕೊನೆಗೆ ಹೋದದ್ದು ಹೃದಯದ ಕಾಯಿಲೆಯಿಂದ. ಆ ಹನ್ನೊಂದು ವರ್ಷ ಹೊಸ ಗೋಡೆಗಳಿಗೆ ಅಂಗೈ ಸವರಿ, ಗಾರೆ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಹೇಳುತ್ತಿದ್ದರು. ಹಳೆಯ ಜೊತೆಗಾರರು ಅದಕ್ಕೆಂದೇ ಕರೆದುಕೊಂಡು ಹೋಗಿ ದಿನಗೂಲಿ ಕೊಡುತ್ತಿದ್ದರು. ಮಗಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಹತ್ತಿರ ತಂದು, ಕೊನೆಗೆ 'ನೀನೇ ಓದು ಪುಟ್ಟಿ' ಎಂದು ಅವಳ ಕೈಗೇ ಕೊಟ್ಟರು.

ಅದಕ್ಕೇ ಬೀದಿ ಬೀದಿಯ ಸಣ್ಣ ಕ್ಲಿನಿಕ್ಕುಗಳ ಡಾಕ್ಟರುಗಳನ್ನು ಕೈಮುಗಿದು ಕೇಳುತ್ತೇನೆ. ಐವತ್ತು ದಾಟದವರಿಗೆ ಸರ್ಪಸುತ್ತು ಬಂದರೆ, ಯಾರಿಗೇ ಆಗಲಿ ಹರ್ಪಿಸ್ ಹುಣ್ಣು ಒಂದು ತಿಂಗಳಾದರೂ ಆರದಿದ್ದರೆ, ಎಚ್‌ಐವಿ ಪರೀಕ್ಷೆಯ ಮಾತೆತ್ತಿ. ಸರ್ಪಸುತ್ತು ಬಂದವರಿಗೆಲ್ಲ ಎಚ್‌ಐವಿ ಇರುವುದಿಲ್ಲ ಎಂದೂ ಅದೇ ಉಸಿರಿನಲ್ಲಿ ಹೇಳಿ, ಹೆಚ್ಚಿನವರಿಗೆ ಇರುವುದಿಲ್ಲ. ಗೊತ್ತಾಗದ ಹಾಗೆ ರಕ್ತ ತೆಗೆದು ಮಾಡಬೇಡಿ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ತಿಳಿಸಿ, ಒಪ್ಪಿಗೆ ಪಡೆದೇ ಮಾಡಬೇಕು, ಗುಟ್ಟನ್ನೂ ಕಾಪಾಡಬೇಕು. ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. 1097ಕ್ಕೆ ಫೋನ್ ಮಾಡಿದರೆ ಹತ್ತಿರದ ಕೇಂದ್ರ ಎಲ್ಲಿದೆ ಎಂದು ಹೇಳುತ್ತಾರೆ.

ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ಕಣ್ಣಿನದು. ಸಿಡಿ4 ಬಹಳ ಕೆಳಗಿಳಿದು ಬಂದವರಿಗೆ ಕಣ್ಣಿಗೆ ಹನಿ ಹಾಕಿ ಪರದೆ ನೋಡುವ ವ್ಯವಸ್ಥೆ ಎಆರ್‌ಟಿ ಕೇಂದ್ರಕ್ಕೆ ಬಂದ ದಿನವೇ ಆಗಬೇಕು. ಇನ್ನೊಂದು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರೆ ಎಷ್ಟೋ ಜನ ಹೋಗುವುದೇ ಇಲ್ಲ. ಎರಡು ಬಸ್ಸು, ಒಂದು ದಿನದ ಕೂಲಿ, ಅಲ್ಲಿ ಮತ್ತೆ ಮೊದಲಿನಿಂದ ಎಲ್ಲ ಹೇಳಿಕೊಳ್ಳುವ ಸಂಕಟ. ನಾನು ಜೊತೆಗೆ ಹೋದವರು ಹೋಗಿದ್ದಾರೆ, ಹೋಗಲಾಗದವರು ಮನೆಯಲ್ಲಿ ಕೂತು ಸೊಳ್ಳೆ ಓಡಿಸುತ್ತಿದ್ದಾರೆ. ಸರ್ಪಸುತ್ತಿಗೆ ಎರಡು ಡೋಸಿನ ಲಸಿಕೆಯೂ 2023ರಿಂದ ನಮ್ಮ ದೇಶದಲ್ಲಿ ಸಿಗುತ್ತಿದೆ, ಜೀವಂತ ವೈರಸ್ ಇಲ್ಲದ ಲಸಿಕೆ. ಆದರೆ ಬೆಲೆ ಸಾವಿರಾರು ರೂಪಾಯಿ, ನಮ್ಮಂಥವರಿಗೆ ಅಂಗಡಿಯಲ್ಲಿ ಕೇಳುವುದಕ್ಕೂ ಧೈರ್ಯ ಬಾರದು. ಅದರ ಬಗ್ಗೆಯೂ ಸರ್ಕಾರ ಯೋಚಿಸಲಿ.

ನನ್ನ ಹೆಸರು, ವಿಳಾಸ ಪತ್ರದ ಹಿಂದೆ ಬರೆದಿದ್ದೇನೆ, ದಯವಿಟ್ಟು ಅಚ್ಚು ಹಾಕಬೇಡಿ. ನನಗೆ ನಾಚಿಕೆಯಿಲ್ಲ. ಮಗಳಿಗೆ ಸೋಂಕಿಲ್ಲ, ಅವಳಿಗೆ ಸಂಬಂಧ ನೋಡುತ್ತಿದ್ದೇವೆ, ಅಷ್ಟೇ ಕಾರಣ.

ನಿಮ್ಮ ಪುರವಣಿಯ ಆ ಪುಟವನ್ನು ಕತ್ತರಿಸಿ ಈ ಪತ್ರಕ್ಕೆ ಪಿನ್ ಮಾಡಿದ್ದೇನೆ. ಕೆಮ್ಮಣ್ಣಿನ ವಿಷಯ ಮುಗಿಯುವಲ್ಲಿ, ಜಾಹೀರಾತಿನ ಮೇಲೆ ಸ್ವಲ್ಪ ಬಿಳಿ ಜಾಗ ಉಳಿದಿದೆ. ಸ್ಕೇಲ್ ಇಟ್ಟು ನೋಡಿದೆ, ಎರಡು ಸಾಲು ಹಿಡಿಯುತ್ತದೆ. ಮುಂದಿನ ಸಲ ಈ ಮದ್ದು ಹಾಕುವಾಗ ಅಲ್ಲಿ ಇಷ್ಟು ಹಾಕಿ: ಮೂರು ದಿನದೊಳಗೆ ಡಾಕ್ಟರಿಗೆ ತೋರಿಸಿ. ವಯಸ್ಸು ಚಿಕ್ಕದಾಗಿದ್ದರೆ ಎಚ್‌ಐವಿ ಪರೀಕ್ಷೆ ಬೇಕೇ ಎಂದು ಕೇಳಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು, ಲಗ್ಗೆರೆ, ಬೆಂಗಳೂರು